ಬೀಗಿತ್ತಿಯ ತಲೆಗೆ ಸೋರೆಬುರುಡೆ

ಗ್ಯೊಂಗ್‌ಜು ಊರಿನಲ್ಲಿ ಟ್ಯಾಕ್ಸಿಯವರು ಯಾರಾದರೂ ಹೆಚ್ಚು ಬಾಡಿಗೆ ಕಿತ್ತರೆ "ತಲೆಗೆ ಬುರುಡೆ ಕವುಚಿದರು" ಎನ್ನುತ್ತಾರೆ. ಹಿಂದೆ ನೀರು ಮೊಗೆಯುತ್ತಿದ್ದ ಸೋರೆಬುರುಡೆ ಅದು. ತಲೆಯ ಮೇಲೆ ಕವುಚಿಕೊಂಡು ಕೂತರೆ ಕಣ್ಣು ಮುಚ್ಚಿಹೋಗುತ್ತದೆ, ಗಾಡಿ ಎಲ್ಲಿ ಹೋಗುತ್ತಿದೆಯೋ ತಿಳಿಯುವುದಿಲ್ಲ. ಅದೇ ಬುರುಡೆಯನ್ನು ಹೆಂಡತಿ ಕೈಗೆತ್ತಿಕೊಂಡರೆ ಕಥೆ ಬೇರೆ. ಗಂಡನನ್ನು ಮಾತಿನಲ್ಲಿ ಕಾಡುವುದಕ್ಕೆ ಅಲ್ಲಿ ಬುರುಡೆ ಕೆರೆಯುವುದು ಎಂದು ಹೆಸರು. ಮಾಲ್‌ಸುನ್‌ಳ ಗಂಡ ಸಾಂಗ್‌ಬೆ ಬದುಕಿದ್ದಾಗ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುತ್ತ, "ನಾನು ಹೊರಗೆ ಯಾರ ತಲೆಗೂ ಕವುಚಲಿಲ್ಲ ಕಣ್ರಪ್ಪ, ಆದ್ರೂ ಮನೆಗೆ ಹೋದ್ರೆ ಬರೀ ಕೆರೆಯೋ ಸದ್ದು" ಎಂದು ಎಲ್ಲರನ್ನೂ ನಗಿಸುತ್ತಿದ್ದ.

ಮಾಲ್‌ಸುನ್ ಎಂದರೆ ಕೊನೆಯವಳು. ಸಾಲಾಗಿ ಹೆಣ್ಣೇ ಹುಟ್ಟಿದಾಗ ಇನ್ನು ಸಾಕಪ್ಪಾ ಎಂದು ಅಜ್ಜ ಇಟ್ಟ ಹೆಸರು. ಅವಳ ಬೆನ್ನಿಗೆ ಮತ್ತೊಂದು ಹೆಣ್ಣೇ ಹುಟ್ಟಿತು, ಆ ಮಾತು ಬಿಡಿ. ಮದುವೆಯಾಗಿ ಬಂದಮೇಲೆ ಬಹಳ ಕಾಲ ಅವಳು ಹಳೆಯ ರಾಜರ ಸಮಾಧಿಗಳಾದ ಹುಲ್ಲುದಿಬ್ಬಗಳ ಎದುರಿನ ಒಂದು ಬನ್ನಿನ ಅಂಗಡಿಯಲ್ಲಿ ದುಡಿದಳು. ಕೆಂಪು ಕಾಳಿನ ಹೂರಣವನ್ನು ಉಂಡೆ ಕಟ್ಟಿ, ತೆಳ್ಳಗಿನ ಕಣಕದಲ್ಲಿ ಸುತ್ತಿ, ನೆತ್ತಿಯ ಮೇಲೆ ಅಚ್ಚು ಒತ್ತುವ ಕೆಲಸ. ಸಂಜೆ ಮನೆಗೆ ಬಂದರೆ ಕೈಯೆಲ್ಲ ಹೂರಣದ ವಾಸನೆ. ಮಗಳು ಸೊಲ್ಮಿ ಆ ಕೈಯನ್ನು ಮೂಸುತ್ತಲೇ ನಿದ್ದೆಹೋಗುತ್ತಿದ್ದಳು.

ಸಾಂಗ್‌ಬೆ ಹೋದದ್ದು ಒಂದು ಮಾಗಿಯ ಮಧ್ಯಾಹ್ನ. ಗಾಡಿಯಲ್ಲಿ ಬೇರೆ ಊರಿನ ಮುದುಕರಿಬ್ಬರಿದ್ದರು. ಅವನು ಗಾಡಿಯನ್ನು ರಸ್ತೆಯ ಬದಿಗೆ ತಂದು, ಕೈಬ್ರೇಕ್ ಎಳೆದು, ಮೀಟರ್ ನಿಲ್ಲಿಸಿ, ಆಮೇಲೆ ಎದೆ ಹಿಡಿದುಕೊಂಡನಂತೆ. ಆ ಮುದುಕರು ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಳಿತು, "ಮೀಟರ್ ನಿಲ್ಲಿಸಿದ್ದು ಯಾಕೇಂತ ನಮಗೆ ತಿಳೀಲೇ ಇಲ್ಲ ತಾಯಿ" ಎಂದು ಮತ್ತೆ ಮತ್ತೆ ಹೇಳಿದರು. ಮಾಲ್‌ಸುನ್‌ಗೆ ತಿಳಿಯಿತು. ಗಾಡಿ ನಿಂತ ಮೇಲೆ ಮೀಟರ್ ಓಡಬಾರದು, ಅಷ್ಟೇ.

ಅವನ ಗಾಡಿಯ ಸ್ಟೀರಿಂಗ್ ಚಕ್ರವನ್ನು ಅವಳು ಹಿಡಿದದ್ದು ಆಮೇಲೆ. ಮೊದಮೊದಲು ಸ್ಟ್ಯಾಂಡಿನ ಗಂಡಸರು ಮುಖ ತಿರುಗಿಸಿದರು. ಆಮೇಲೆ ಅವಳ ಬಾಯಿ ಎಷ್ಟು ಚುರುಕೆಂದು ಗೊತ್ತಾಗಿ ಅಕ್ಕಾ ಎನ್ನತೊಡಗಿದರು. ಮೀಟರಿನ ಮಟ್ಟಿಗೆ ಅವಳು ಸಾಂಗ್‌ಬೆಗಿಂತಲೂ ಒಂದು ಕೈ ಮೇಲು. ಭಕ್ಷೀಸನ್ನಂತೂ ಮುಟ್ಟುತ್ತಿರಲಿಲ್ಲ. ಗಂಡ ಬದುಕಿದ್ದಾಗಲೂ ಇದೊಂದರಲ್ಲಿ ಮಾತ್ರ ಇಬ್ಬರಿಗೂ ಸರಿಹೋಗುತ್ತಿರಲಿಲ್ಲ. "ಖುಷಿಯಿಂದ ಕೊಟ್ಟಿದ್ದನ್ನ ವಾಪಸ್ ತಳ್ಳಿದ್ರೆ ಅವರ ಮುಖ ಎಷ್ಟು ಚಿಕ್ಕದಾಗ್ತದೆ ಗೊತ್ತಾ?" ಎನ್ನುತ್ತಿದ್ದ ಅವನು. ಅವಳಿಗೆ ಅದು ಹಿಡಿಸುತ್ತಿರಲಿಲ್ಲ. ಒಮ್ಮೆ ದೂರದೇಶದ ಆಜಾನುಬಾಹು ಒಬ್ಬ ಚಿಲ್ಲರೆ ಬಿಟ್ಟು ಇಳಿದುಹೋದಾಗ ಅವಳು ಅದನ್ನು ಹಿಡಿದುಕೊಂಡು ದೇವಸ್ಥಾನದ ಮೆಟ್ಟಿಲವರೆಗೂ ಓಡಿದಳು. ಅವನು ಅವಳ ಕೈಯಲ್ಲಿದ್ದ ನೋಟನ್ನೂ ಅವಳ ಏದುಸಿರನ್ನೂ ನೋಡಿ, ಕೊಟ್ಟದ್ದು ಸಾಲಲಿಲ್ಲವೆಂದುಕೊಂಡು, ಹೆದರಿ ಇನ್ನೊಂದು ನೋಟು ಸೇರಿಸಿ ಕೊಟ್ಟ. ಸ್ಟ್ಯಾಂಡಿನ ದೊಸಿಕ್ ಈ ಕಥೆಯನ್ನು ಹೊಸಬರು ಬಂದಾಗಲೆಲ್ಲ ಹೇಳುತ್ತಾನೆ. ಒಂದೊಂದು ಸಲಕ್ಕೂ ಆ ಮನುಷ್ಯ ಒಂದೊಂದು ಗೇಣು ಎತ್ತರವಾಗುತ್ತಾನೆ.

ಸೊಲ್ಮಿ ಈಗ ಸಿಯೋಲಿನಲ್ಲಿ ಹಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಜೆಹಾ ಎಂಬ ಹುಡುಗ ಮನಸ್ಸಿಗೆ ಬಂದಿದ್ದ. ಇಬ್ಬರ ಮನೆಯವರೂ ಒಮ್ಮೆ ಎದುರುಬದುರು ಕೂತು ಊಟ ಮಾಡಿ ಮಾತಾಡಿದರೆ ಮದುವೆ ಗಟ್ಟಿಯಾದಂತೆ. ಹಾಗೆ ಕೂತು ಎದ್ದಮೇಲೆ ಮುರಿದುಹೋದ ಸಂಬಂಧವೊಂದು ಸೊಲ್ಮಿಗೆ ಹಿಂದೆಯೇ ಇತ್ತು. ಆ ಹುಡುಗನ ಮನೆಯವರು ಊಟವಾಗುವವರೆಗೆ ನಕ್ಕು, ಮನೆಗೆ ಹೋಗಿ ಬೇಡವೆಂದಿದ್ದರು. ಯಾಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸೊಲ್ಮಿ ಆ ವರ್ಷ ಹಬ್ಬಕ್ಕೂ ಊರಿಗೆ ಬಂದಿರಲಿಲ್ಲ.

ಈ ಸಲ ಹಿಂದಿನ ವಾರವೇ ಫೋನು ಬಂತು.

"ಅಮ್ಮ, ಜೆಹಾನ ಅಮ್ಮಂಗೆ ಟ್ಯಾಕ್ಸಿಯವರು ಅಂದ್ರೆ ಅಷ್ಟಕ್ಕಷ್ಟೆ. ಯಾವ್ದೋ ಊರಲ್ಲಿ ಚೆನ್ನಾಗಿ ಬುರುಡೆ ಕವುಚಿಸ್ಕೊಂಡಿದ್ರಂತೆ."

"ಅದಕ್ಕೆ ನಾನೇನ್ ಮಾಡ್ಲವ್ವ? ಆ ಊರಿನೋರು ಮಾಡಿದ್ದಕ್ಕೆ ನಾನು ಅಡ್ಡಬೀಳ್ಲಾ?"

"ಹಂಗಲ್ಲಮ್ಮ. ಅವತ್ತೊಂದಿನ ಗಾಡಿ ತರಬೇಡ. ಬೇರೆಯವರ ಗಾಡೀಲಿ ಬಾ. ಮಾತೂ ಸ್ವಲ್ಪ ನಿಧಾನ."

"ಆಗ್ಲಿ."

"ಅಮ್ಮ, ಬೇಜಾರಾಯ್ತಾ?"

"ಇಲ್ಲ ಬುಡು. ಒಲೆ ಮೇಲೆ ಸಾರು ಇಟ್ಟಿವ್ನಿ" ಎಂದು ಮಾಲ್‌ಸುನ್ ಫೋನಿಟ್ಟಳು. ಒಲೆಯ ಮೇಲೆ ಏನೂ ಇರಲಿಲ್ಲ.

ಆ ದಿನ ಬಂತು. ಊರೆಲ್ಲ ಚೆರ್ರಿ ಹೂ. ಮಧ್ಯಾಹ್ನಕ್ಕೆ ಇನ್ನೂ ಹೊತ್ತಿದೆಯಲ್ಲ ಎಂದು ಅವಳು ಬೆಳಿಗ್ಗೆ ಗಾಡಿ ತೆಗೆದು ಊರಾಚೆಯ ರೈಲು ನಿಲ್ದಾಣಕ್ಕೆ ಬಂದು ಸಾಲಿನಲ್ಲಿ ನಿಂತಳು.

"ಬೀಗರನ್ನ ನೋಡೋ ದಿನ ಇಲ್ಲೇನು ಕೆಲಸ ಅಕ್ಕಾ?" ಎಂದ ದೊಸಿಕ್.

"ಮನೇಲಿದ್ರೆ ಕೈಕಾಲು ನಡುಗ್ತವೆ ಕಣ್ಲಾ. ಎರಡು ಬಾಡಿಗೆ ಹೊಡೆದ್ರೆ ಸರಿಹೋಯ್ತದೆ."

"ಬೀಗಿತ್ತಿ ಮುಂದೆ ಹಿಂಗೇ ಬಾಯಿ ತೆಗೆದೀಯ ಮತ್ತೆ. ನಾವು ಊಟಕ್ಕೆ ಕರೆದ್ರೂ ಸಿಯೋಲಿನೋರಿಗೆ ಜಗಳಕ್ಕೆ ಬಂದಂಗೆ ಕೇಳ್ತದೆ."

"ನಿನ್ನ ಹೆಂಡ್ತಿ ಹತ್ರ ಕಲ್ತಿವ್ನಿ, ನಾಜೂಕಾಗಿ ಮಾತಾಡೋದ" ಎಂದಳು ಅವಳು. ದೊಸಿಕನ ಹೆಂಡತಿ ಮೀನು ಮಾರುವವಳು, ಅವಳ ದನಿ ಮಾರುಕಟ್ಟೆಯ ಆ ತುದಿಗೂ ಕೇಳಿಸುತ್ತಿತ್ತು.

ರೈಲು ಬಂತು. ಅವಳ ಸರದಿಗೆ ಬಂದವರು ಗಂಡಹೆಂಡಿರಿಬ್ಬರು. ಆತ ಎತ್ತರದ, ಸ್ವಲ್ಪ ಬಾಗಿದ ಆಳು, ತಲೆಗೆ ಟೋಪಿ. ಆಕೆ ಕುಳ್ಳಗೆ, ಕೆನೆಬಣ್ಣದ ಕೋಟು, ಮಡಿಲಲ್ಲಿ ರೇಷ್ಮೆ ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟು.

"ಬುಲ್‌ಗುಕ್ಸಾ ದೇವಸ್ಥಾನ. ಹೂ ನೋಡ್ಕೊಂಡು ಮಧ್ಯಾಹ್ನದೊಳಗೆ ಊರೊಳಗೆ ಬಂದ್ಬಿಡ್ಬೇಕು" ಎಂದರು ಆತ.

ಹೂವಿನ ಕಾಲದಲ್ಲಿ ದೊಡ್ಡ ರಸ್ತೆಯನ್ನು ನಂಬುವಂತಿಲ್ಲ. ಮಾಲ್‌ಸುನ್ ನಾಮ್‌ಸಾನ್ ಬೆಟ್ಟದ ಬೆನ್ನಿಗಿರುವ ಹಳ್ಳಿಗಳ ದಾರಿ ಹಿಡಿದಳು. ಎರಡು ತಿರುವು ದಾಟಿರಲಿಲ್ಲ, ಹಿಂದಿನಿಂದ ದನಿ ಬಂತು.

"ಡ್ರೈವರಮ್ಮ, ಫೋನು ಬೇರೆ ದಾರಿ ತೋರಿಸ್ತಿದೆಯಲ್ಲ?"

"ಆ ದಾರೀಲಿ ಹೂ ನೋಡೋರ ಕಾರೇ ತುಂಬ್ಕೊಂಡವೆ ಕಣವ್ವ. ಇದು ಸುತ್ತಾದ್ರೂ ಬೇಗ ಹೋಯ್ತದೆ."

"ಸುತ್ತು ಅಂತ ನೀವೇ ಒಪ್ಕೊಂಡ್ರಲ್ಲ!"

"ಬಿಡೇ" ಎಂದರು ಆತ. "ದಿನಾ ಓಡಾಡೋರು, ಅವರಿಗೆ ಗೊತ್ತಿರಲ್ವಾ?"

"ನಿಮಗೆ ಬಿಡೋದೊಂದು ಗೊತ್ತು. ಎಲ್ಲಿಗೆ ಹೋದ್ರೂ ಕೇಳಿದಷ್ಟು ಕೊಡೋದು, ಮೇಲೆ ಭಕ್ಷೀಸು ಬೇರೆ. ಹಡಗಲ್ಲಿ ಇಂಜಿನಿಯರಾಗಿ ದೇಶ ದೇಶ ತಿರುಗಿದ ಬುದ್ಧಿ ಇನ್ನೂ ಇಳಿದಿಲ್ಲ. ಈ ದೇಶದಲ್ಲಿ ಯಾರ್ರೀ ಕೊಡ್ತಾರೆ ಭಕ್ಷೀಸು? ಪ್ರವಾಸಿಗಳ ಊರು ಅಂದ್ರೇನೇ ಇಷ್ಟು. ಬೇರೆ ಊರಿನ ಮುಖ ಕಂಡ್ರೆ ಸಾಕು, ತಲೆ ಅಳತೆ ನೋಡಿ ಬುರುಡೆ ತೆಗೀತಾರೆ."

ಬೇರೆ ದಿನವಾಗಿದ್ದರೆ ಮಾಲ್‌ಸುನ್ ನಕ್ಕು ಸುಮ್ಮನಾಗುತ್ತಿದ್ದಳೋ ಏನೋ. ಆದರೆ ವಾರದಿಂದ ಮಗಳ ಮಾತು ಮುಳ್ಳಿನಂತೆ ಒಳಗೇ ಕೂತಿತ್ತು. ಆ ಮೀಟರಿನ ಗುಂಡಿಯನ್ನು ಕೊನೆಗೆ ಒತ್ತಿದ ಸಾಂಗ್‌ಬೆಯ ಬೆರಳು ಕಣ್ಣಮುಂದೆ ಬಂತು. ಅವಳು ಕನ್ನಡಿಯಲ್ಲಿ ಆ ಹೆಂಗಸಿನ ಮುಖ ನೋಡಿದಳು.

"ನೋಡಿ ಅವ್ವಾ, ನಿಮ್ಮ ತಲೆಗೆ ಹೊಂದೋ ಬುರುಡೆ ಈ ಗಾಡೀಲಿಲ್ಲ. ಅಷ್ಟು ಅನುಮಾನ ಇದ್ರೆ ಇಲ್ಲೇ ಇಳೀರಿ, ಇಲ್ಲೀಗಂಟ ಆದ ಬಾಡಿಗೆನೂ ಬ್ಯಾಡ. ಮನೇಲಿ ಯಜಮಾನ್ರ ಬುರುಡೆ ಕೆರೆದಿದ್ದು ಸಾಲ್ದೂಂತ ರೈಲತ್ತಿ ಬಂದು ನಂದೂ ಕೆರೀತಿದ್ದೀರಲ್ಲ!"

ಆತನಿಗೆ ನಗು ತಡೆಯಲಾಗಲಿಲ್ಲ. ಟೋಪಿಯನ್ನು ಮುಖಕ್ಕೆ ಒತ್ತಿಕೊಂಡು ನಕ್ಕರು. "ಇಳಿಯಲ್ಲ, ಇಳಿಯಲ್ಲ, ಹೋಗಿ ತಾಯಿ!"

ಆಕೆ ನಗಲಿಲ್ಲ. ಕಿವಿಯೆಲ್ಲ ಕೆಂಪಾಗಿತ್ತು. ಅಷ್ಟರಲ್ಲಿ ಆಕೆಯ ಫೋನು ಬಡಿದುಕೊಂಡಿತು.

"ಹೂಂ ಅಕ್ಕ, ಬಂದ್ವಿ. ಇಲ್ಲ, ಜೆಹಾಗೆ ಹೇಳಿಲ್ಲ, ಅವನು ಸೊಲ್ಮಿ ಜೊತೆ ಕಾರಲ್ಲಿ ನೇರ ಊಟಕ್ಕೆ ಬರ್ತಾನೆ. ಹುಡುಗಿ ಹುಟ್ಟಿದ ಊರು ಒಂದು ಸಲ ಕಣ್ಣಲ್ಲಿ ನೋಡೋಣ ಅಂತ ನಾವು ಬೇಗ ಬಂದ್ವಿ." ದನಿ ತಗ್ಗಿತು. ಆದರೆ ಟ್ಯಾಕ್ಸಿಯೊಳಗೆ ತಗ್ಗಿದ ದನಿಯೇ ಹೆಚ್ಚು ಕೇಳುವುದು. "ಹುಡುಗಿ ಒಳ್ಳೇದೇ. ತಾಯೀದೇ ಯೋಚನೆ ನನಗೆ. ಅಪ್ಪ ಇಲ್ಲ, ಆಕೆ ಇಲ್ಲೇ ಟ್ಯಾಕ್ಸಿ ಓಡಿಸ್ತಾರಂತೆ. ಈಗ ಅಂಥದ್ದೇ ಒಬ್ಬಳ ಗಾಡೀಲಿ ಕೂತಿದೀನಿ, ಬಾಯಿ ನೋಡ್ಬೇಕು ನೀನು. ಬೀಗಿತ್ತಿನೂ ಹಿಂಗೇ ಇದ್ರೆ ನಾನು ಈ ಸಂಬಂಧಕ್ಕೆ ಹೂಂ ಅನ್ನಲ್ಲ ಅಕ್ಕ, ಹೇಳಿದೀನಿ."

ಮಾಲ್‌ಸುನ್ ರಸ್ತೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ರಸ್ತೆ ತನ್ನ ಪಾಡಿಗೆ ಬರುತ್ತಿತ್ತು, ಕಾಲು ತನ್ನ ಪಾಡಿಗೆ ಬ್ರೇಕು ಒತ್ತುತ್ತಿತ್ತು. ಒಳಗೆ ಮಾತ್ರ ಎಲ್ಲ ನಿಂತುಹೋಗಿತ್ತು. ಬೀಗಿತ್ತಿ. ಸಾಯುವವರೆಗೆ ತಗ್ಗಿ ಬಗ್ಗಿ ನಡೆದುಕೊಳ್ಳಬೇಕಾದ ಬೀಗಿತ್ತಿಗೆ, ಇನ್ನೂ ಮುಖಪರಿಚಯವಾಗುವ ಮೊದಲೇ, ಗಾಡಿಯಿಂದ ಇಳಿ ಎಂದಾಗಿತ್ತು.

ಈಗ ತಾನು ಇಂಥವಳೆಂದು ಹೇಳಿಬಿಡಲೇ? ಹೇಳಿದರೆ ಆಕೆ ಫೋನಿನಲ್ಲಿ ಆಡಿದ್ದೂ ಬಯಲಾಗುತ್ತದೆ. ಆ ಅವಮಾನವನ್ನು ಆಕೆ ಸೊಲ್ಮಿಯ ಮೇಲೆ ತೀರಿಸಿಕೊಂಡರೆ? ಮೀಟರ್ ನಿಲ್ಲಿಸಿಬಿಡಲೇ? ನಿಲ್ಲಿಸಿದರೆ ಇಷ್ಟು ಹೊತ್ತು ಮೋಸ ಮಾಡುತ್ತಿದ್ದೆ ಎಂದು ಒಪ್ಪಿಕೊಂಡಂತೆ. ಓಡಲು ಬಿಟ್ಟರೆ ಬೀಗರಿಂದ ಬಾಡಿಗೆ ವಸೂಲಿ ಮಾಡಿದಂತೆ. ಸಾಂಗ್‌ಬೆ ಇದ್ದಿದ್ದರೆ ಏನಾದರೂ ತಮಾಷೆ ಮಾಡಿ ಇದನ್ನು ಬಿಡಿಸುತ್ತಿದ್ದ. ಅವಳಿಗೆ ತಮಾಷೆ ಬರುತ್ತಿದ್ದದ್ದು ಸಿಟ್ಟು ಬಂದಾಗ ಮಾತ್ರ. ಈಗ ಸಿಟ್ಟಿನ ಒಂದು ಹನಿಯೂ ಉಳಿದಿರಲಿಲ್ಲ.

ಮೀಟರ್ ಓಡುತ್ತಲೇ ಇತ್ತು.

ಬೆಟ್ಟ ಬಳಸಿದ ಮೇಲೆ ಒಂದು ಸಣ್ಣ ತೊರೆ ಜೊತೆಗೆ ಬಂತು. ಅದರ ದಂಡೆಯುದ್ದಕ್ಕೂ ಚೆರ್ರಿ ಮರಗಳು, ಒಂದೂ ಗಾಡಿಯಿಲ್ಲ, ಒಬ್ಬರೂ ಫೋಟೋ ತೆಗೆಯುತ್ತಿಲ್ಲ. ಈರುಳ್ಳಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಅಜ್ಜಿಯೊಬ್ಬಳ ಬೆನ್ನ ಮೇಲೆಲ್ಲ ಹೂವಿನ ಎಸಳು ಬಿದ್ದಿತ್ತು; ಅವಳಿಗೆ ಅದರ ಗೊಡವೆಯೇ ಇರಲಿಲ್ಲ. ಹಿಂದಿನ ಕಿಟಕಿಯ ಗಾಜು ಇಳಿದ ಸದ್ದಾಯಿತು. ಮಾಲ್‌ಸುನ್ ಕೇಳಿಸಿಯೂ ಕೇಳದವಳಂತೆ ವೇಗ ತಗ್ಗಿಸಿದಳು. ಗಾಳಿಗೆ ಎರಡು ಮೂರು ಎಸಳು ಒಳಗೆ ಬಂದವು. ಆ ಹೆಂಗಸು ಮಡಿಲ ಗಂಟಿನ ಮೇಲೆ ಬಿದ್ದದ್ದನ್ನು ಕೊಡವಲಿಲ್ಲ.

"ಹುಡುಗಿ ಇಂಥ ಕಡೆ ಬೆಳೆದಿದಾಳೆ" ಎಂದರು ಆಕೆ, ಗಂಡನಿಗೋ ತಮಗೋ.

ದೇವಸ್ಥಾನ ಬಂತು. ಫೋನು ತೋರಿಸಿದ್ದಕ್ಕಿಂತ ಬೇಗನೇ ಬಂದಿದ್ದರು. ಆಕೆ ಫೋನು ನೋಡಿ ಚೀಲಕ್ಕೆ ಹಾಕಿಕೊಂಡರು. ಆತ ದೊಡ್ಡ ನೋಟೊಂದನ್ನು ಕೊಟ್ಟರು. ಮಾಲ್‌ಸುನ್ ಚಿಲ್ಲರೆಯನ್ನೆಲ್ಲ ಲೆಕ್ಕಹಾಕಿ ಮುಂದೆ ಹಿಡಿದಳು.

"ಇರ್ಲಿ, ಇಟ್ಕೊಳ್ಳಿ. ದಾರಿ ಅಂದ್ರೆ ಇದಪ್ಪಾ."

"ಬ್ಯಾಡ ಯಜಮಾನ್ರೇ."

"ನಮ್ಮವಳ ಮಾತಿಗೆ ಬೇಜಾರು ಮಾಡ್ಕೊಂಡ್ರಾ?"

"ಅಯ್ಯೋ, ಇಲ್ಲ. ಇವತ್ತೊಂದಿನ ಬ್ಯಾಡ. ಮನೇಲಿ ಶುಭಕಾರ್ಯ ಐತೆ."

"ಏನು ಕಾರ್ಯ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಮಗಳ ಮದುವೆ ಮಾತು" ಎಂದಳು.

"ನೋಡಿದ್ಯೇನೇ!" ಆತನ ಮುಖ ಅರಳಿತು. "ನಮ್ಮನೇಲೂ ಇವತ್ತು ಅದೇ! ಹಂಗಾದ್ರೆ ಇದು ಭಕ್ಷೀಸಲ್ಲ, ನಿಮಗೂ ಅಲ್ಲ. ಮದುವಣಗಿತ್ತಿಗೆ. ಅದನ್ನ ಬೇಡ ಅನ್ನೋ ಹಾಗಿಲ್ಲ ನೀವು."

ಆತ ಆ ಚಿಲ್ಲರೆಯನ್ನು ತೆಗೆದುಕೊಂಡು, ಎರಡೂ ಕೈಯಲ್ಲಿ ಮತ್ತೆ ಅವಳಿಗೇ ಕೊಟ್ಟರು. ಹಿರಿಯರು ಡ್ರೈವರಿಗೆ ಹಾಗೆ ಎರಡು ಕೈಯಲ್ಲಿ ಕೊಡುವುದುಂಟೇ? ಮಾಲ್‌ಸುನ್ ಕೂಡ ಎರಡು ಕೈಯೊಡ್ಡಿದಳು. ತಗೊಳ್ಳುವುದು ಕೊಡುವುದಕ್ಕಿಂತ ಕಷ್ಟವೆಂದು ಅವಳಿಗೆ ಅನ್ನಿಸಿದ್ದು ಅವತ್ತೇ.

ಗಾಡಿ ತಿರುಗಿಸಿ ಹೊರಡುವಾಗ ಕನ್ನಡಿಯಲ್ಲಿ ನೋಡಿದಳು. ಆತ ಆಗಲೇ ಹೂವಿನತ್ತ ನಡೆದಿದ್ದರು. ಆಕೆ ನಿಂತಲ್ಲೇ ನಿಂತಿದ್ದರು, ಗಂಟನ್ನು ಎದೆಗೊತ್ತಿಕೊಂಡು. ಮೊದಲು ಗಾಡಿಯ ಹಿಂಭಾಗವನ್ನು ನೋಡಿದರು. ಆಮೇಲೆ ಒಂದು ಕೈ ನಿಧಾನವಾಗಿ ಮೇಲೆ ಬಂದು ಬಾಯಿ ಮುಚ್ಚಿಕೊಂಡಿತು.

ಗೊತ್ತಾಗಿಹೋಯಿತು ಎಂದುಕೊಂಡಳು ಮಾಲ್‌ಸುನ್.

ಮನೆಗೆ ಬಂದು ಸೊಲ್ಮಿಗೆ ಫೋನು ಮಾಡಲು ಎರಡು ಸಲ ಕೈಗೆತ್ತಿಕೊಂಡು ಎರಡು ಸಲವೂ ಕೆಳಗಿಟ್ಟಳು. ದಾರಿಯಲ್ಲಿ ಬರುತ್ತಿರುವ ಹುಡುಗಿ ಈಗಲೇ ಯಾಕೆ ಅಳಬೇಕು? ಊಟವಾಗುವವರೆಗಾದರೂ ನಗಲಿ. ತಿಳಿನೀಲಿ ಉಡುಪು ಹಾಕಿಕೊಂಡಳು, ತಲೆ ಬಾಚಿದಳು. ಬೇರೆಯವರ ಗಾಡಿಯಲ್ಲಿ ಬಾ ಎಂದಿದ್ದಳಲ್ಲ ಮಗಳು, ದೊಸಿಕನನ್ನು ಕರೆಯಬೇಕೆಂದುಕೊಂಡಳು. ಬಾಗಿಲಲ್ಲಿ ಗಾಡಿ ನಿಂತಿತ್ತು. ಅದನ್ನು ಬಿಟ್ಟು ಇನ್ನೊಂದನ್ನು ಹತ್ತಲು ಇಂಥ ದಿನ ಕಾಲು ಬರಲಿಲ್ಲ. ಅದರಲ್ಲೇ ಹೋಗಿ, ಬೀಗರು ಕೂಡಬೇಕಿದ್ದ ಹೋಟೆಲಿನ ಹಿಂದಿನ ಗಲ್ಲಿಯಲ್ಲಿ, ಹೆಂಚು ಹೊದಿಸಿದ ಗೋಡೆಯ ಮರೆಯಲ್ಲಿ ನಿಲ್ಲಿಸಿದಳು.

ಕೋಣೆಯ ಬಾಗಿಲು ಸರಿದಾಗ ಅವರೆಲ್ಲ ಆಗಲೇ ಕೂತಿದ್ದರು. ಜೆಹಾ ಎದ್ದು ಸೊಂಟದವರೆಗೆ ಬಾಗಿದ. ಸೊಲ್ಮಿ ಎದ್ದಳು, ಕೆನ್ನೆಗೆ ಹಚ್ಚಿದ ಬಣ್ಣದಡಿ ಮುಖ ಬಿಳಿಚಿತ್ತು. ಜೆಹಾನ ತಾಯಿ ಎದ್ದರು. ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ನೋಡಿದರು.

ಜೆಹಾನ ತಾಯಿ ಆಳವಾಗಿ ಬಾಗಿದರು. "ಮೊದಲ ಸಲ ನೋಡ್ತಿದೀವಿ. ಜೆಹಾನ ತಾಯಿ ನಾನು."

"ಮೊದಲ ಸಲ ನೋಡ್ತಿದ್ದೇವೆ" ಎಂದಳು ಮಾಲ್‌ಸುನ್, ಅಷ್ಟೇ ಆಳವಾಗಿ ಬಾಗಿ. "ಸೊಲ್ಮಿಯ ತಾಯಿ."

"ಅರೆ!" ಎಂದರು ಜೆಹಾನ ತಂದೆ. "ನೀವು ಅವರೇ ಅಲ್ವಾ—"

"ರೀ, ಟೋಪಿ ತೆಗೀರಿ, ಹಿರಿಯರ ಮುಂದೆ!"

"ಅವರು ನನಗಿಂತ ಚಿಕ್ಕೋರಲ್ವೇನೇ?"

"ತೆಗೀರಿ ಅಂದೆ."

ಆತ ಟೋಪಿ ತೆಗೆದರು. ಹೆಂಡತಿಯ ಮುಖ ನೋಡಿದರು, ಮಾಲ್‌ಸುನ್‌ಳ ಮುಖ ನೋಡಿದರು. ಅರ್ಥವಾಯಿತು. ಆಗಿನಿಂದ ಊಟ ಮುಗಿಯುವವರೆಗೂ ಆ ಮನುಷ್ಯ ಪಟ್ಟ ಪಾಡು ಹೇಳತೀರದು. ತುಟಿ ಕಚ್ಚಿಕೊಂಡು, ಕೆಮ್ಮಿಕೊಂಡು, ಬಟ್ಟಲ ಮೇಲೆ ಬಟ್ಟಲು ನೀರು ಕುಡಿದರು.

ತಟ್ಟೆಗಳು ಬಂದವು. ಬೇಯಿಸಿದ ಸೊಪ್ಪು, ಮೀನು, ಹುರಿದ ಅಣಬೆ, ಇಷ್ಟಿಷ್ಟೇ ಬಟ್ಟಲಲ್ಲಿ ಏನೇನೋ. ಯಾರೂ ಸರಿಯಾಗಿ ಕೈ ಹಾಕಲಿಲ್ಲ. ಸೊಲ್ಮಿ ಮಾತು ತುಂಬಿಸಲು ಹೊರಟಳು.

"ಅಮ್ಮ ಇವತ್ತು ರಜೆ ಹಾಕಿ ಬೆಳಿಗ್ಗೆಯಿಂದ ಮನೇಲೇ ಇದ್ರು. ಅಲ್ವಾಮ್ಮ?"

"ಹೌದು" ಎಂದಳು ಮಾಲ್‌ಸುನ್, ಸೊಪ್ಪಿನ ಬಟ್ಟಲನ್ನು ನೋಡುತ್ತ.

ಜೆಹಾನ ತಂದೆಗೆ ನೀರು ನೆತ್ತಿಗೇರಿತು. ಜೆಹಾ ಬೆನ್ನು ತಟ್ಟಿದ.

ಸ್ವಲ್ಪ ಹೊತ್ತಾದ ಮೇಲೆ ಜೆಹಾನ ತಾಯಿ ಊಟದ ಕಡ್ಡಿಗಳನ್ನು ಕೆಳಗಿಟ್ಟರು. "ಟ್ಯಾಕ್ಸಿ ಓಡಿಸ್ತೀರಂತೆ" ಎಂದರು.

ಸೊಲ್ಮಿಯ ಕೈ ಮೇಜಿನ ಕೆಳಗೆ ಅಮ್ಮನ ಮೊಣಕಾಲನ್ನು ಹುಡುಕಿ ಹಿಡಿದುಕೊಂಡಿತು.

"ಹೌದು. ಓಡಿಸುತ್ತೇನೆ."

"ಪ್ರವಾಸಿಗಳ ಊರು. ಬಂದೋರೆಲ್ಲ ಬಾಯಿಗೆ ಬಂದ ಹಾಗೆ ಅಂತಾರೇನೋ. ದಾರಿ ಗೊತ್ತಿರಲ್ಲ, ಊರು ಗೊತ್ತಿರಲ್ಲ, ಅಂದ್ಬಿಡ್ತಾರೆ."

ಮಾಲ್‌ಸುನ್ ತಲೆಯೆತ್ತಿದಳು. ಆಕೆ ಅವಳನ್ನಲ್ಲ, ಮೇಜಿನ ಮೇಲಿದ್ದ ರೇಷ್ಮೆಗಂಟನ್ನು ನೋಡುತ್ತಿದ್ದರು.

"ಅನ್ನುವವರು ಅನ್ನುತ್ತಾರೆ" ಎಂದಳು ಮಾಲ್‌ಸುನ್ ನಿಧಾನವಾಗಿ, ಸಿಯೋಲಿನವರ ಹಾಗೆ. "ಆದರೆ ಕೆಲವು ಡ್ರೈವರುಗಳ ನಾಲಿಗೆಯೂ ಉದ್ದ ಇರುತ್ತದೆ. ಹಿಂದೆ ಕೂತಿರೋರು ಯಾರು, ಅವರ ಮನಸ್ಸಲ್ಲಿ ಏನೈತೆ, ಒಂದೂ ನೋಡಾಕಿಲ್ಲ, ಒದರ್ಬುಡ್ತಾರೆ. ಆಮೇಲೆ ಹೊಟ್ಟೆ ಉರ್ಕೋತಾ ಕುಂತಿರ್ತಾರೆ." ಅರ್ಧ ದಾರಿಯಲ್ಲಿ ಊರಿನ ಮಾತು ಬಂದುಬಿಟ್ಟಿತ್ತು. ಅವಳು ಅದನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಸೊಲ್ಮಿ ಕಣ್ಣು ಮುಚ್ಚಿಕೊಂಡಳು.

"ನಂದು ಪಲ್ಯ, ಉಪ್ಪಿನಕಾಯಿ ಮಾರೋ ಅಂಗಡಿ" ಎಂದರು ಜೆಹಾನ ತಾಯಿ. "ಡಬ್ಬೀಲಿ ಬರೀ ನೀರು ತುಂಬಿದೀಯ ಅಂತ ಮುಖದ ಮೇಲೆ ಅಂದು ಹೋಗ್ತಾರೆ. ಮೊನ್ನೆ ಒಬ್ಬಳು ಎಲ್ಲರ ಮುಂದೆ ತಕ್ಕಡಿ ಎತ್ತಿ ಅಲ್ಲಾಡಿಸಿದ್ಲು. ಅಂದೋರಿಗೆ ಮನೆಗೆ ಹೋಗೋಷ್ಟರಲ್ಲಿ ಮರೆತುಹೋಗಿರುತ್ತೆ. ಅನ್ನಿಸ್ಕೊಂಡೋರು ಹಾಸಿಗೇಲಿ ಮಗ್ಗಲು ಬದಲಾಯಿಸ್ತಿರ್ತಾರೆ. ಅದು ಗೊತ್ತಿದ್ದ ನಾನೇ..." ಆಕೆ ಗಂಟಿನ ತುದಿಯನ್ನು ಬಿಚ್ಚತೊಡಗಿದರು. ಒಳಗೆ ಮೂರಂತಸ್ತಿನ ಡಬ್ಬಿ. ಸೋಯಾದಲ್ಲಿ ನೆನೆಹಾಕಿದ ಏಡಿ, ಎಳ್ಳಿನೆಲೆ, ಕಮಲದ ಬೇರು. "ನಾನೇ ಮಾಡಿದ್ದು. ಹೋಟೆಲಲ್ಲಿ ಹೊರಗಿನದು ಬಿಚ್ಚಬಾರದು. ಆದ್ರೂ ನೀವು ಒಂದು ತುತ್ತು ತಿನ್ನಬೇಕು."

ಮಾಲ್‌ಸುನ್ ಕಮಲದ ಬೇರನ್ನು ಬಾಯಿಗಿಟ್ಟಳು. ಅಗಿದಳು. ನೀರಿನ ಬಟ್ಟಲಿಗೆ ಕೈ ಚಾಚಿದಳು.

"ಉಪ್ಪು ಜಾಸ್ತಿಯಾಗಿದೆಯಾ?" ಎಂದರು ಆಕೆ ಗಾಬರಿಯಿಂದ.

"ಇಲ್ಲ ಕಣ್ರೀ. ಸರಿಯಾಗೈತೆ. ಬೋ ಸರಿಯಾಗೈತೆ."

ಜೆಹಾ, ಸೊಲ್ಮಿ ಮುಖ ಮುಖ ನೋಡಿಕೊಂಡರು. ಬೀಗಿತ್ತಿಯರಿಬ್ಬರ ಕಣ್ಣಲ್ಲೂ ಯಾಕೆ ನೀರು ನಿಂತಿದೆಯೆಂದು ಅವರಿಗೆ ಹೇಗೆ ತಿಳಿಯಬೇಕು? ಜೆಹಾನ ತಂದೆ ಮಾಲ್‌ಸುನ್‌ಳ ಬಟ್ಟಲಿಗೆ ಅಕ್ಕಿಯ ಹೆಂಡ ಬಗ್ಗಿಸುವ ನೆಪದಲ್ಲಿ ಬಾಗಿ, "ನಾನು ಕೊಟ್ಟಿದ್ದು ಸರಿಯಾದ ಮದುವಣಗಿತ್ತಿಗೇ ಸೇರ್ತು ಬಿಡಿ" ಎಂದು ಪಿಸುಗುಟ್ಟಿದರು. "ಗಾಡಿ ಓಡಿಸ್ಬೇಕು, ಹೆಂಡ ಬ್ಯಾಡ" ಎಂದು ಅವಳೂ ಪಿಸುಗುಟ್ಟಿದಳು. ಆತ ಅದನ್ನು ತಾವೇ ಕುಡಿದರು.

ಆಮೇಲೆ ಮಾತು ಬಂತು. ಮದುವೆ ಯಾವ ಋತುವಿನಲ್ಲಿ, ಎಲ್ಲಿ, ಎಷ್ಟು ಜನ. ಗಂಡಿನ ಮನೆಯವರಿಗೆ ಹೆಣ್ಣಿನ ಕಡೆಯಿಂದ ಬರಬೇಕಾದ ಉಡುಗೊರೆಯ ವಿಷಯ ಯಾರು ಎತ್ತುತ್ತಾರೋ ಎಂದು ಮಾಲ್‌ಸುನ್ ಉಸಿರು ಹಿಡಿದು ಕಾದಿದ್ದಳು. ಜೆಹಾನ ತಾಯಿ ಅದನ್ನು ಎತ್ತಿದ್ದು ಬೇಡವೆನ್ನಲು. "ಹಾಸಿಗೆ, ಬೆಳ್ಳಿ ಚಮಚ ಅಂತ ಸುಮ್ನೆ ಅಂಗಡಿಯೋರಿಗೆ ಸುರೀಬೇಡಿ" ಎಂದಷ್ಟೇ ಹೇಳಿ ಏಡಿಯ ಕಾಲು ಮುರಿದು ಸೊಲ್ಮಿಯ ತಟ್ಟೆಗೆ ಹಾಕಿದರು.

ಊಟ ಮುಗಿದು ಅಂಗಳಕ್ಕೆ ಬಂದಾಗ ಜೆಹಾ, "ಅಪ್ಪ, ಅಮ್ಮ, ಬನ್ನಿ, ರೈಲಿಗೆ ಬಿಡ್ತೀನಿ" ಎಂದ.

"ನಿಮ್ಮಪ್ಪನ್ನ ಕರ್ಕೊಂಡು ಹೋಗು" ಎಂದರು ಜೆಹಾನ ತಾಯಿ. "ನಾನು ಬೀಗಿತ್ತಿಯವರ ಗಾಡೀಲಿ ಬರ್ತೀನಿ."

ಸೊಲ್ಮಿ ಗಕ್ಕನೆ ಅಮ್ಮನತ್ತ ತಿರುಗಿದಳು. "ಅಮ್ಮ, ಗಾಡಿ ತಂದಿದೀಯಾ?"

"ತಂದಿವ್ನಿ" ಎಂದಳು ಮಾಲ್‌ಸುನ್. ದನಿ ಸಣ್ಣದಾಗಲಿಲ್ಲ. "ಹಿಂದಿನ ಗಲ್ಲೀಲಿ ನಿಂತೈತೆ. ನಿಮ್ಮಪ್ಪನ ಗಾಡಿ. ನಿನ್ನ ಮದುವೆ ಮಾತಿಗೆ ಅದನ್ನ ಬಿಟ್ಟು ಬರಾಕೆ ಆಗ್ಲಿಲ್ಲ ಕಣವ್ವ."

ಸೊಲ್ಮಿ ಅಮ್ಮನ ಉಡುಪಿನ ಹೆಗಲಿಗೆ ಅಂಟಿದ್ದ ಒಂದು ದಾರದ ಎಳೆಯನ್ನು ತೆಗೆದಳು. ತೆಗೆದಮೇಲೂ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಗಲ್ಲಿಯಲ್ಲಿ ಮಾಲ್‌ಸುನ್ ಹಿಂದಿನ ಬಾಗಿಲು ತೆಗೆದಳು. ಬೀಗಿತ್ತಿ ಅದನ್ನು ಮುಚ್ಚಿ, ಮುಂದಿನ ಬಾಗಿಲು ತಾವೇ ತೆಗೆದುಕೊಂಡು ಕೂತು, ಪಟ್ಟಿ ಬಿಗಿದುಕೊಂಡರು. ಗಾಡಿ ಹೊರಟಿತು. ಹುಲ್ಲುದಿಬ್ಬಗಳ ಬಳಿ ಶಾಲೆಯ ಮಕ್ಕಳ ಸಾಲೊಂದು ರಸ್ತೆ ದಾಟುತ್ತಿತ್ತು. ಗಾಡಿ ನಿಂತಿತು, ಇಬ್ಬರೂ ಅದನ್ನೇ ನೋಡಿದರು.

"ಒಂದು ಕೇಳ್ಲಾ?" ಎಂದರು ಬೀಗಿತ್ತಿ.

ಮಾಲ್‌ಸುನ್ ಬೆನ್ನು ನೆಟ್ಟಗೆ ಮಾಡಿಕೊಂಡಳು. ಬೆಳಗಿನದು ಈಗ ಬಂತು, ಅನ್ನಿಸಿಕೊಳ್ಳೋಣ ಎಂದುಕೊಂಡಳು. "ಕೇಳಿ."

"ನಿಮ್ಮ ಹುಡುಗಿಗೆ ಹುಷಾರು ತಪ್ಪಿದ್ರೆ ಏನು ತಿಂತಾಳೆ? ಜ್ವರ ಗಿರ ಬಂದಾಗ. ಅಕ್ಕಿ ಗಂಜಿ ಮಾಡ್ಕೊಟ್ರೆ ಆಗುತ್ತಾ? ನಮ್ಮಲ್ಲಿ ಎಲ್ಲರೂ ಗಂಡಸ್ರೇ, ಏನು ಕೊಟ್ರೂ ಬಾಯಿಗೆ ಹಾಕ್ಕೋತಾರೆ. ಹೆಣ್ಣುಮಗಳದು ನನಗೆ ಗೊತ್ತಿಲ್ಲ."

ಮಕ್ಕಳ ಸಾಲು ದಾಟಿಯಾಗಿತ್ತು. ಮಾಲ್‌ಸುನ್ ಗಾಡಿ ಮುಂದೆ ಬಿಡಲಿಲ್ಲ.

"ಗಂಜಿ ಮುಟ್ಟಾಕಿಲ್ಲ" ಎಂದಳು. "ಡಬ್ಬಿ ಪೀಚ್ ಹಣ್ಣು. ತಣ್ಣಗಿರಬೇಕು. ಹಣ್ಣು ಬುಟ್ಟು ರಸ ಮೊದಲು ಕುಡೀತಾಳೆ. ಬೈಬ್ಯಾಡಿ ಅದಕ್ಕೆ."

"ರಸ ಮೊದಲು" ಎಂದರು ಬೀಗಿತ್ತಿ, ಪಾಠ ಒಪ್ಪಿಸುವವರಂತೆ. "ತಣ್ಣಗೆ."

ಹಿಂದಿನ ಕಾರಿನವನು ಹಾರ್ನ್ ಹೊಡೆದ. "ಹೊಡ್ಕೋ ಹೋಗು" ಎಂದರು ಬೀಗಿತ್ತಿ ಕಿಟಕಿಯಾಚೆಗೆ, ಜೋರಾಗಿ. ಮಾಲ್‌ಸುನ್ ಮುಂಗೈಯಲ್ಲಿ ಕಣ್ಣೊರೆಸಿಕೊಂಡು ಗೇರು ಹಾಕಿದಳು.